ಆಂಬೆಪಾಡೆಯ ದೀಪಗಳೂ ನರಹರಿ ಸಾಹೇಬರ ಒಂದು ಪತ್ರವೂ

ನಾಸಿಕ ಜಿಲ್ಲೆಯ ಪಡುವಣ ಘಟ್ಟದಲ್ಲಿ, ವಿದ್ಯುತ್ ಕಂಬಗಳು ಹತ್ತಲಾರದೆ ನಿಂತ ಏರುಗಳ ಆಚೆ, ಬಿಸಿಲಿನಿಂದ ದೀಪ ಹಚ್ಚುವ ವಿದ್ಯೆಯನ್ನು ಮನೆಮನೆಗೆ ಒಯ್ದವರಲ್ಲಿ ಶ್ರೀ ನರಹರಿ ಹಲಗೇರಿಯವರದು ಮೊದಲ ಸಾಲಿನ ಹೆಸರು. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ವೈರಿಂಗ್ ಕೆಲಸ ಮಾಡಿ ಈ ವರ್ಷ, 2016ರಲ್ಲಿ, ನಿವೃತ್ತರಾಗುತ್ತಿರುವ ಅವರ ವಿಷಯವಾಗಿ ದೊಡ್ಡ ದೊಡ್ಡ ಇಂಜಿನಿಯರರು ಈ ಸನ್ಮಾನ ಸಂಪುಟದಲ್ಲಿ ಬರೆದಿದ್ದಾರೆ. ಅವರ ಕೈಕೆಳಗೆ ಅಕ್ಷರವನ್ನೂ ಬ್ಯಾಟರಿಯನ್ನೂ ಕಲಿತ ಸುಶೀಲಾಬಾಯಿ ಎಂಬ ನಾನು, ಕಣ್ಣಾರೆ ಕಂಡಷ್ಟನ್ನು ಬರೆಯುತ್ತೇನೆ.

ಸಾಹೇಬರು ರಾಣೆಬೆನ್ನೂರು ಸೀಮೆಯವರು. ಕಾರ್ಖಾನೆಯ ಕಾಲೊನಿಯಲ್ಲಿ ನಮ್ಮ ಕನ್ನಡ ಬಳಗದವರು ರಾತ್ರಿ ಶಾಲೆ ತೆರೆದಾಗ, ಪಾಳಿ ಮುಗಿಸಿ ಬಂದು ಕಲಿಸಲು ಒಪ್ಪಿಕೊಂಡ ಇಬ್ಬರಲ್ಲಿ ಅವರೊಬ್ಬರು. ನಾನಾಗ ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ, ಐವತ್ತರ ಹತ್ತಿರದ ಹೆಂಗಸು. ಉಳಿದವರು ಹಾಳೆ ಮುಗಿಸಿ ಎದ್ದರೂ ನಾನಿನ್ನೂ ಮೂರನೆಯ ಸಾಲಿನಲ್ಲಿ ತಿಣುಕುತ್ತಿದ್ದೆ. “ಬಾಯಾರ, ಸಾವಕಾಶ ಬರೀರಿ. ನನಗೇನು ಬಸ್ ಹಿಡಿಯೂದೈತೇನು?” ಎನ್ನುತ್ತ ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದರು. ಒಂದು ದಿನವೂ ಗಡಿಯಾರದ ಕಡೆ ನೋಡಿದ್ದನ್ನು ನಾನು ಕಾಣೆ. ನನಗೆ ಓದು ಹತ್ತಿದ್ದು ಅವರು ಹಾಗೆ ಕೂತದ್ದರಿಂದ.

2007ರಲ್ಲಿ ಔರಂಗಾಬಾದಿನ ಒಂದು ಸೇವಾಸಂಸ್ಥೆ ಪೇಠ್ ತಾಲೂಕಿನ ಪಾಡೆಗಳಿಗೆ, ಅಂದರೆ ಗುಡ್ಡದ ಮೇಲಿನ ಸಣ್ಣ ಕೇರಿಗಳಿಗೆ, ಸೌರದೀಪ ಕೊಡುವುದಾಗಿ ಮುಂದೆ ಬಂತು, ಜೋಡಿಸುವವರು ಬೇಕಿತ್ತು. ಸಾಹೇಬರು ತಮ್ಮ ಭಾನುವಾರಗಳನ್ನೆಲ್ಲ ಕೊಟ್ಟರು. ಮನೆಗಳಲ್ಲಿ ಹೆಂಗಸರಿಗೆ ತಿಳಿಹೇಳಲು ಹೆಂಗಸೇ ಬೇಕೆಂದು ನನ್ನನ್ನೂ ಜೊತೆಗೆ ಕರೆದರು. ಮೊದಲು ಹೋದದ್ದು ಮೂವತ್ತೆರಡು ಮನೆಗಳ ಆಂಬೆಪಾಡೆಗೆ. ಮನೆಗೊಂದು ಸೌರಫಲಕ ಮಾಡಿನ ಮೇಲೆ, ಒಂದು ಬ್ಯಾಟರಿ ಮೂಲೆಯಲ್ಲಿ, ಎರಡು ದೀಪ. ಬ್ಯಾಟರಿಗಳು ಔರಂಗಾಬಾದಿನ ಒಂದು ಸಣ್ಣ ವರ್ಕ್‌ಶಾಪಿನಿಂದ ಬರುತ್ತಿದ್ದವು. ಅವನ್ನು ಕೂಡಿಸುತ್ತಿದ್ದವನು ಬೀದರ ಕಡೆಯಿಂದ ಬಂದ ಭುಜಂಗ.

ದಸರೆಯ ದಿನವೇ ದೀಪ ಹತ್ತಿದವು. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಲೇಥಿಗೂ ಡ್ರಿಲ್ಲಿಗೂ ಅರಿಶಿನ ಕುಂಕುಮ ಹಚ್ಚಿ ರೂಢಿಯಾದ ಕೈ ಸಾಹೇಬರದು. ನಿಚ್ಚಣಿಕೆ ಹತ್ತಿ, ಒಂದೊಂದು ಫಲಕದ ಗಾಜಿಗೂ ಐದು ಬೆರಳು ಅರಿಶಿನ ಎಳೆದು, ನಡುವೆ ಕುಂಕುಮವಿಟ್ಟು ಕೈಮುಗಿದರು. ಕೆಳಗೆ ನಿಂತ ಹೆಂಗಸರೂ ಕೈಮುಗಿದರು. ನಾನೂ ಮುಗಿದೆ.

ಮಾರ್ಗಶಿರದ ಹೊತ್ತಿಗೆ ದೂರು ಬಂತು. ಐದು ತಾಸು ಉರಿಯಬೇಕಾದ ದೀಪ ಒಂದು ತಾಸಿಗೇ ಮಂಕಾಗುತ್ತಿದೆ, ಸೀಮೆಎಣ್ಣೆಯ ಚಿಮಣಿ ಬುಡ್ಡಿ ಮತ್ತೆ ಅಟ್ಟದಿಂದ ಕೆಳಗಿಳಿದಿದೆ ಎಂದು. ಸಾಹೇಬರು ಹೋಗಿ ಮೀಟರು ಹಿಡಿದರು, ಬ್ಯಾಟರಿಗಳೆಲ್ಲ ಖಾಲಿ. ಫಲಕ ತಾವೇ ಕೂಡಿಸಿದ್ದು, ಅದರಲ್ಲಿ ತಪ್ಪಿರಲಾರದೆಂಬ ಭರವಸೆ. ಮಾಡು ಹತ್ತಿ ನೋಡಲಿಲ್ಲ. ಬ್ಯಾಟರಿ ಕೂಡಿಸಿದವನು ಬೇಜವಾಬ್ದಾರಿ ಮನುಷ್ಯನೆಂದು ವರ್ಕ್‌ಶಾಪಿನ ಮಾಲೀಕರಿಗೆ ಒಂದು ಖಾರವಾದ ಪತ್ರ ಬರೆದರು. ಮಾಲೀಕರು ಬ್ಯಾಟರಿ ಬದಲಿಸಿ ಕಳಿಸಿದರು. ಭುಜಂಗನನ್ನು ಕೆಲಸದಿಂದ ತೆಗೆದರು.

ಹೊಸ ಬ್ಯಾಟರಿಗಳೂ ತಿಂಗಳೊಳಗೆ ಸೊರಗಿದವು.

ನಾವು ಹೋಗುತ್ತಿದ್ದ ಭಾನುವಾರಗಳಲ್ಲಿ ಒಂದೂ ಅಮಾವಾಸ್ಯೆಯಾಗಿರಲಿಲ್ಲ; ಆವರೆಗೆ ನಮಗೆ ಕಾಣದ್ದು, ಮಾಘದ ಅಮಾವಾಸ್ಯೆಯಂದು ಸಾಹೇಬರು ರಜೆ ಹಾಕಿ ಹೋದದ್ದಕ್ಕೆ ಕಂಡಿತು. ಹಾಡುಹಗಲಲ್ಲಿ ಸೋಮೀಬಾಯಿ ಎಂಬ ಮುದುಕಿ ಅರಿಶಿನದ ಬಟ್ಟಲು ಹಿಡಿದು ತನ್ನ ಮಾಡಿನ ಮೇಲೆ ಕೂತಿದ್ದಳು. ಎಣ್ಣೆಯಲ್ಲಿ ಕಲಸಿದ ಅರಿಶಿನ, ಅದರ ಮೇಲೆ ಕುಂಕುಮ, ಅದರ ಮೇಲೆ ಚಳಿಗಾಲದ ಧೂಳು. ಗಾಜಿನ ಮುಕ್ಕಾಲು ಭಾಗ ಕಾಣುತ್ತಲೇ ಇರಲಿಲ್ಲ.

“ಏನ್ ಮಾಡಾಕತ್ತೀಯವ್ವಾ?” ಎಂದು ಸಾಹೇಬರು ಮರಾಠಿಯಲ್ಲಿ ಕೂಗಿದರು.

“ಪೂಜೆ, ಸಾಯೇಬ. ಶುರು ಮಾಡಿದವರು ನೀವೇ ಅಲ್ಲವಾ? ನೀವು ಪೇಟೆಯವರು, ವರ್ಷಕ್ಕೊಂದು ಸಲ ಮಾಡಿ ಮರೀತೀರಿ. ನಾವು ಅಮಾಸೆ ತಪ್ಪಿಸಿಲ್ಲ.”

“ಎಲ್ಲಾ ಮನಿಯಾಗೂ?”

“ದೀಪ ಮಂಕಾದ ಮೇಲೆ ಪಕ್ಕದವಳು ಮಂಗಳವಾರವೂ ಮಾಡುತ್ತಾಳೆ. ಅವಳಿಗೆ ಭಕ್ತಿ ಹೆಚ್ಚು.”

ನನಗೆ ನಗು ತಡೆಯಲಿಲ್ಲ. ಸಾಹೇಬರು ನಗಲಿಲ್ಲ. ಫಲಕದಲ್ಲಿ ಬಿಸಿಲು ಹೀರುವ ಬಿಲ್ಲೆಗಳು ಸಾಲಾಗಿ ಹೆಣೆದುಕೊಂಡಿರುತ್ತವೆ, ಒಂದು ಮುಚ್ಚಿದರೂ ಇಡೀ ಸಾಲು ಸೊರಗುತ್ತದೆ ಎಂದು ನಮಗೆ ಪಾಠ ಹೇಳಿದವರು ಅವರೇ. ನಾನೂ ಸೋಮೀಬಾಯಿಯೂ ಸೀಗೆಪುಡಿ ಹಾಕಿ ಗಾಜು ತಿಕ್ಕಿ ತೊಳೆದೆವು. ಮೀಟರಿನ ಅಂಕಿ ಏರಿದ್ದನ್ನು ನೋಡಿ ಅವರು ಕಟ್ಟೆಯ ಮೇಲೆ ಕೂತರು.

“ಬಾಯಾರ, ಆ ಹುಡುಗನ ಅನ್ನ ನಾ ಕಸಕೊಂಡೆ” ಅಂದರು.

ಮರುದಿನ ಬೆಳಿಗ್ಗೆ ಔರಂಗಾಬಾದಿನ ಎಸ್‌ಟಿ ಬಸ್ಸು ಹತ್ತಿದೆವು. ಸೋಮೀಬಾಯಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದಳು. ಮಾಲೀಕರು ಚಹಾ ಕೊಟ್ಟು, “ಆಗಿದ್ದು ಆಯಿತು, ಈಗ ಆ ಜಾಗಕ್ಕೆ ಬೇರೆಯವನಿದ್ದಾನೆ” ಎಂದರು. ಬೇರೆಯವರಾಗಿದ್ದರೆ ಚಹಾ ಕುಡಿದು ಎದ್ದುಬರುತ್ತಿದ್ದರು. ಸಾಹೇಬರು ಅಲ್ಲೇ ಕೂತು, ದೋಷ ಬ್ಯಾಟರಿಯದಲ್ಲ, ಅರಿಶಿನ ಹಚ್ಚಿ ಅದನ್ನು ತೊಳೆಯಲು ಹೇಳದೆ ಬಂದ ತಮ್ಮದೆಂದು ಬರೆದು ಸಹಿ ಮಾಡಿದರು. ಭುಜಂಗ ಮರಳಿ ಬಾರದೆ ಮುಂದಿನ ಪಾಡೆಗಳ ದೀಪ ತಾವು ಜೋಡಿಸುವುದಿಲ್ಲವೆಂದೂ ಹೇಳಿದರು. ಮಾಲೀಕರು ಆ ಹಾಳೆ ಓದಿ, “ಅವನೇ ಬರಲೊಪ್ಪಿದರೆ ಇಬ್ಬರನ್ನೂ ಇಟ್ಟುಕೊಳ್ಳುತ್ತೇನೆ” ಎಂದರು.

ಭುಜಂಗ ಸಿಕ್ಕಿದ್ದು ವೇರೂಳಿನಲ್ಲಿ, ಅಂದರೆ ಎಲ್ಲೋರಾದಲ್ಲಿ, ಗುಹೆಗಳ ದಾರಿಯಲ್ಲಿ ಪೇರಲಹಣ್ಣಿನ ಬುಟ್ಟಿ ಮುಂದಿಟ್ಟುಕೊಂಡು. ಎಲ್ಲವನ್ನೂ ಕೇಳಿ, ಹಣ್ಣು ಒರೆಸುವುದನ್ನು ನಿಲ್ಲಿಸದೆಯೇ ಕನ್ನಡದಲ್ಲಿ ಕೇಳಿದ:

“ಸಾಹೇಬ್ರ, ನೀವು ಮಾಲೀಕಗ ಬರದು ಕೊಟ್ರಿ, ಚೊಲೋ ಆತು. ಆದ್ರ ನಿಮ್ಮ ಮೊದಲಿನ ಪತ್ರ ಮಾಲೀಕ ಓದಿದ್ದು ಹನ್ನೊಂದು ಮಂದಿ ಮುಂದ. ಇದನ್ನ ಯಾರ ಮುಂದ ಓದತೀರಿ?”

“ಅದs ಹನ್ನೊಂದು ಮಂದಿ ಮುಂದ. ನಾನs ಓದತೀನಿ. ನೀ ಬಾ.”

“ಮುದುಕೀನ ಯಾಕ ಕರಕೊಂಡು ಬಂದೀರಿ?”

ಮಾತಿನ ಧಾಟಿ ಸೋಮೀಬಾಯಿಗೆ ತಿಳಿಯಿತೇನೋ, “ಸಾಯೇಬ ತಪ್ಪೆಲ್ಲ ತಮ್ಮದೇ ಅಂತಾರೆ. ಅರಿಶಿನ ನಮ್ಮದಪ್ಪಾ, ತಪ್ಪಿನಲ್ಲಿ ನಮ್ಮ ಪಾಲನ್ನೂ ಲೆಕ್ಕಕ್ಕೆ ಹಿಡಿ” ಎಂದಳು. ಆಗ ಅವನು ನಕ್ಕ. ಬುಟ್ಟಿಯಿಂದ ದೊಡ್ಡ ಹಣ್ಣೊಂದನ್ನು ಆರಿಸಿ ಅವಳ ಕೈಗಿಟ್ಟ.

ಮಾರನೆಯ ದಿನ ವರ್ಕ್‌ಶಾಪಿನಲ್ಲಿ, ಆಸಿಡ್ಡಿನ ವಾಸನೆಯ ನಡುವೆ, ಹನ್ನೊಂದು ಕೆಲಸಗಾರರೆದುರು ಸಾಹೇಬರು ನಿಂತು ಆ ಹಾಳೆ ಓದಿದರು. ಓದಿ ಮುಗಿಸಿ ಭುಜಂಗನಿಗೆ ಕೈಮುಗಿದರು. ಅವನು ಗಡಬಡಿಸಿ ಆ ಕೈಗಳನ್ನು ಹಿಡಿದುಕೊಂಡ.

ಅನಂತರದ ಎಂಟು ವರ್ಷಗಳಲ್ಲಿ ಅವರು ನಲವತ್ತೊಂದು ಪಾಡೆಗಳಿಗೆ ದೀಪ ಒಯ್ದರು. ಪೂಜೆ ತಪ್ಪೆಂದು ಎಲ್ಲಿಯೂ ಹೇಳಲಿಲ್ಲ. ಅರಿಶಿನ ಕುಂಕುಮ ಫಲಕದ ಕಂಬಕ್ಕೆ, ಗಾಜಿಗೆ ಅಭಿಷೇಕ ಮಾತ್ರ ಎಂಬ ಕ್ರಮವನ್ನು ಸೋಮೀಬಾಯಿಯ ಬಾಯಿಂದಲೇ ಊರೂರಿಗೆ ಹೇಳಿಸಿದರು. ಅಮಾವಾಸ್ಯೆ ಬಂತೆಂದರೆ ಘಟ್ಟದ ಮಾಡುಗಳ ಮೇಲೆ ಹೆಂಗಸರು ನೀರು, ಬಟ್ಟೆ ಹಿಡಿದು ಹತ್ತುತ್ತಾರೆ. ಹೊಸ ಪಾಡೆಯ ಮೊದಲ ದೀಪಕ್ಕೆ ಗುಂಡಿ ಒತ್ತಲು ಪ್ರತಿಸಲವೂ ಭುಜಂಗನನ್ನೇ ಕರೆಸುತ್ತಾರೆ.

ಕಾರ್ಖಾನೆಯ ಪಾಳಿಯ ಭೋಂಗಾ ಕೂಗಿ ಇನ್ನು ಅವರನ್ನು ಕರೆಯುವುದಿಲ್ಲ; ಸುರಗಾಣಾ ಕಡೆಯ ಒಂಬತ್ತು ಪಾಡೆಗಳು ಕರೆಯುತ್ತಿವೆ. ಅವರ ಮೊಣಕಾಲು ಇನ್ನೂ ಬಹಳ ವರ್ಷ ನಿಚ್ಚಣಿಕೆಗೆ ಹೆದರದಿರಲಿ, ಕಣ್ಣಿಗೆ ಮೀಟರಿನ ಅಂಕಿ ತಪ್ಪದಿರಲಿ, ಅವರ ಮನೆಯವರಾದ ವಸಂತಿ ಅಕ್ಕನವರು ಕಟ್ಟಿಕೊಟ್ಟ ರೊಟ್ಟಿಬುತ್ತಿಯನ್ನು ಹೊತ್ತಿಗೆ ಸರಿಯಾಗಿ ಬಿಚ್ಚುವ ಬುದ್ಧಿಯನ್ನು ದೇವರು ಈಗಲಾದರೂ ಅವರಿಗೆ ಕೊಡಲಿ.

ಈ ಲೇಖನ ಬರೆಯುವ ಮುಂಚೆ ಪತ್ರದ ವಿಷಯ ಎತ್ತಲೋ ಬಿಡಲೋ ಎಂದು ಅಳುಕಿ ಅವರನ್ನೇ ಕೇಳಿದೆ. ಸನ್ಮಾನದ ಪುಸ್ತಕವಲ್ಲವೇ?

“ಉಳಿದದ್ದು ಬೇಕಾದ್ರ ಬಿಡ್ರಿ ಬಾಯಾರ, ಅದನ್ನ ಬಿಡಬ್ಯಾಡ್ರಿ” ಎಂದರು. “ಪುಸ್ತಕಾ ಭುಜಂಗ ಓದತಾನ.”