ದೇವಿಯ ಕಣ್ಣು ಬರೆದವರು

ಕಳೆದ ವಾರ ಮಾಮೂಲ್‌ಪೇಟೆಯ ಗಾಜಿನವರು ನಮ್ಮ ಮ್ಯೂಸಿಯಂಗೆ ಬಂದು, ಬಿರುಕು ಬಿಟ್ಟ ಗಾಜು ಬದಲಾಯಿಸಲು ದೇವಿಯ ಚಿತ್ರದ ಚೌಕಟ್ಟು ಬಿಚ್ಚಿದರು. ಒಳಗಿನಿಂದ ಹುಣಸೆಬೀಜದ ಅಂಟಿನ ಹಳೆಯ ವಾಸನೆ ಬಂತು. ಹಲಗೆಗೆ ಬಟ್ಟೆ, ಬಟ್ಟೆಗೆ ಕಾಗದ ಅಂಟಿಸಿ ಚಿತ್ರ ಬರೆಯುತ್ತಿದ್ದವರ ಅಂಟು ಅದು. ನನಗೆ ಟೀಚರ್ ನೆನಪಾದರು.

ಟೀಚರ್ ಎಂದರೆ ನಮ್ಮ ಟ್ರಸ್ಟಿ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸಿ, ಮನೆಯಲ್ಲಿ ಚಿತ್ರ ಬರೆದು, ಆಮೇಲೆ ಬಸವನಗುಡಿಯ ಈ ಸಣ್ಣ ಮ್ಯೂಸಿಯಂಗೆ ಟ್ರಸ್ಟಿಯಾಗಿ ಬಂದವರು. ಚೌಕಟ್ಟಿನ ಗಾಜಿನೊಳಗೆ, ಚಿತ್ರದ ಕೆಳಗೆ ಇಡುವ ಕಾರ್ಡು ಬರೆಯುವುದು ನನ್ನ ಕೆಲಸ. ಮೀಟಿಂಗಿನ ದಿನ ಅವರಿಗೆ ಕಾಫಿ ಬೇಕೇ ಎಂದು ಕೇಳುವುದೂ ನನ್ನ ಪಾಲಿಗೆ ಬಿದ್ದಿತ್ತು. ಮೊದಲ ಸಲ ಕೇಳಿದರೆ "ಬೇಡಪ್ಪ". ಎರಡನೆಯ ಸಲ "ಬೇಡ ಬಿಡಿ, ನಿಮಗ್ಯಾಕೆ ತೊಂದ್ರೆ". ಮೂರನೆಯ ಸಲ "ಅರ್ಧ ಲೋಟ ಕೊಡಿ" ಎಂದು ಪೂರ್ತಿ ಲೋಟ ಕುಡಿಯುತ್ತಿದ್ದರು. ನಮ್ಮಜ್ಜಿಯೂ ಹೀಗೆಯೇ... ಒಂದೇ ಮಾತಿಗೆ ಹೂಂ ಅನ್ನುವುದು ಆ ಕಾಲದವರಿಗೆ ಆಗುತ್ತಿರಲಿಲ್ಲ.

ಟೀಚರ್ ಟ್ರಸ್ಟಿ ಸ್ಥಾನದಿಂದ ನಿವೃತ್ತರಾದ ದಿನ ಇದೇ ಚಿತ್ರದ ಪಕ್ಕ ಕುರ್ಚಿ ಹಾಕಿ ಸನ್ಮಾನ ಮಾಡಿದೆವು. ಅದು ಅವರ ತಂದೆಯ ಕೊನೆಯ ಚಿತ್ರ. ಕಾರ್ಡಿನಲ್ಲಿ ಹಾಗೇ ಇತ್ತು, ಬರೆದವನು ನಾನೇ. ಶಾಲು, ಹಾರ, ಹಣ್ಣಿನ ಬುಟ್ಟಿ ಆದ ಮೇಲೆ ಸನ್ಮಾನ ಪತ್ರ ಓದತೊಡಗಿದೆ. ತಂದೆಯ ಕೊನೆಯ ಕೃತಿಯನ್ನು ಮ್ಯೂಸಿಯಂಗೆ ಕೊಟ್ಟ ಮಗಳು ಎಂಬ ಸಾಲಿಗೆ ಬಂದಾಗ ಅವರು ಚಿತ್ರದ ಕಡೆ ತಿರುಗಿದರು.

"ಕಣ್ಣು ನಾನು ಬರ್ದಿದ್ದು. ಅಪ್ಪನ ಕೈ ನಡುಗ್ತಿತ್ತು."

ಕಣ್ಣು ಬರೆಯುವುದು ಎಲ್ಲಕ್ಕಿಂತ ಕೊನೆಯ ಕೆಲಸ. ಕಣ್ಣು ಯಾರು ಬರೆದರೋ ಚಿತ್ರ ಅವರದು ಎನ್ನುವುದು ಅವರ ಮನೆಯ ಪದ್ಧತಿ. ಇದನ್ನು ನನಗೆ ಹೇಳಿದ್ದವರೂ ಅವರೇ.

ಸೆಕ್ರೆಟರಿ ಜೋರಾಗಿ ನಕ್ಕರು. "ಏನ್ ಟೀಚರ್, ಹೋಗೋ ದಿನ ಅಪ್ಪನ ಆಸ್ತೀಲಿ ಪಾಲು ಕೇಳ್ತಿದೀರಾ?" ಸಭೆಯೂ ನಕ್ಕಿತು. ಅವರೂ ನಕ್ಕರು. "ತಮಾಷೆಗೆ ಅಂದೆ ಕಣ್ರೀ. ಓದಿ, ಓದಿ."

ನಾನು ಓದಿದೆ. ಅವರ ಬಲಗೈ ಶಾಲಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ಅಷ್ಟು ನೋಡಿದ್ದು ನಿಜ. ಮುಖ ನೋಡಲಿಲ್ಲ.

ಗೇಟಿನ ಹತ್ತಿರ ಆಟೋ ಕಾಯುವಾಗ ಕೇಳಿದೆ. "ಟೀಚರ್, ಕಾರ್ಡಲ್ಲಿ ನಿಮ್ಮ ಹೆಸರೂ ಸೇರಿಸ್ಲಾ?"

"ಬೇಡಪ್ಪ."

ತಿಂಗಳಾದ ಮೇಲೆ ಸಮಾರಂಭದ ಫೋಟೋಗಳನ್ನು ಕೊಡಲು ಅವರ ಮನೆಗೆ ಹೋದಾಗ ಮತ್ತೆ ಕೇಳಿದೆ. ಅವರು ಫೋಟೋದಿಂದ ತಲೆ ಎತ್ತಲಿಲ್ಲ. "ಬೇಡ ಬಿಡಿ, ನಿಮಗ್ಯಾಕೆ ತೊಂದ್ರೆ."

ಎಷ್ಟೋ ಸಲ ಕೇಳಿದ್ದ ಮಾತು ಅದು. ಅಂದು ಅದು ನನಗೆ ಗುರುತಾಗಲಿಲ್ಲ. ಕಾಫಿಗೆ ತಪ್ಪದೆ ಮೂರು ಸಲ ಕೇಳುತ್ತಿದ್ದವನು ಇದಕ್ಕೆ ಎರಡೇ ಸಲ ಕೇಳಿ, ಸರಿ ಟೀಚರ್ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದೆ. ಮಳೆಗಾಲ ಕಳೆಯುವುದರೊಳಗೆ ಅವರು ತೀರಿಕೊಂಡರು.

ಆಮೇಲೆ ಭೂತಗನ್ನಡಿ ಹಿಡಿದು ಆ ಕಣ್ಣುಗಳನ್ನು ಎಷ್ಟೋ ದಿನ ನೋಡಿದ್ದೇನೆ. ರೆಪ್ಪೆಯ ಗೆರೆ ಎಲ್ಲೂ ನಡುಗಿಲ್ಲ. ಆದರೆ ಸೆರಗಿನ ಗೆರೆಯೂ ನಡುಗಿಲ್ಲವಲ್ಲ... ಹಾಗಾದರೆ ತಂದೆಯ ಕೈ ನಡುಗುತ್ತಿತ್ತು ಎಂದದ್ದು? ಸೆರಗೂ ಟೀಚರ್ ಬರೆದದ್ದೇ? ಅಥವಾ ನಿಜಕ್ಕೂ ತಮಾಷೆಯೇ? ಅಷ್ಟು ವರ್ಷ ಟ್ರಸ್ಟಿಯಾಗಿದ್ದವರು ಆ ಕಾರ್ಡಿನ ಮುಂದೆಯೇ ಓಡಾಡಿಕೊಂಡು ಸುಮ್ಮನಿದ್ದದ್ದು ಏಕೆ? ಒಂದೊಂದು ದಿನ ಒಂದೊಂದು ಸರಿ ಅನಿಸುತ್ತದೆ.

ಗಾಜಿನವರು ಹೊಸ ಗಾಜು ಒರೆಸಿ ಇಟ್ಟುಕೊಂಡು ಕೇಳಿದರು. "ಹಳೇ ಕಾರ್ಡೇ ಒಳಗೆ ಹಾಕ್ಲಾ ಸಾರ್? ಒಂದ್ಸಲ ಮೊಳೆ ಹೊಡೆದ್ರೆ ಮುಗೀತು. ಆಮೇಲೆ ಫೋನ್ ಮಾಡಿ ಬಿಚ್ಚು ಅನ್ಬೇಡಿ."

"ತಡೀರಿ" ಎಂದೆ.

ಹೊಸ ಕಾರ್ಡು ತೆಗೆದು ತಂದೆಯ ಹೆಸರು ಬರೆದೆ. ಅದರ ಕೆಳಗೆ 'ಕಣ್ಣು' ಎಂದು ಬರೆದು ಪೆನ್ನು ಎತ್ತಿದೆ. ಕಮಿಟಿಗೆ ಹೇಳಿರಲಿಲ್ಲ. ಕೈಯಲ್ಲಿ ಪುರಾವೆಯೂ ಇರಲಿಲ್ಲ. ಗಾಜಿನವರು ಸುತ್ತಿಗೆ ಹಿಡಿದು ಕಾಯುತ್ತಿದ್ದರು.

ಟೀಚರ್ ಹೆಸರು ಬರೆದೆ. ಸರಿಯೋ ತಪ್ಪೋ ಈಗಲೂ ಗೊತ್ತಿಲ್ಲ. ಬೇಡ ಎನ್ನಲು ಅವರಿಲ್ಲ.