ಲಾರಿಗೆ ಹಾಕಿದ ಇಸ್ತ್ರಿ ಸ್ವಿಚ್ಚು

ಅಪ್ಪನ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ಸತ್ತದ್ದು ನಾನು ಬಿ.ಎಸ್ಸಿ. ಪಾಸಾದ ವರ್ಷ. ನಮ್ಮ ಬಿಜಾಪುರ ಆಗ ಇನ್ನೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಹೊಟ್ಟೆಪಾಡಿಗೆ ಮುಂಬಯಿಗೆ ಬಂದ ನಮ್ಮದು ದಾದರಿನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಖೋಲಿ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಡಿಗ್ರಿ ಬಂತು, ನೌಕರಿ ಬರಲಿಲ್ಲ. ಬರುವವರೆಗೆ ಮಾಲಕನ ಲಾರಿಯಲ್ಲಿ ಅಪ್ಪನ ಡ್ರೈವರ್ ಸೀಟು ಉಳಿಯಬೇಕಿತ್ತು. ಮನೆ ನಡೆಯುತ್ತಿದ್ದುದು ಅದೊಂದರ ಮೇಲೆ.

ನರ ಸತ್ತಿದೆ, ಮತ್ತೆ ಬರುವುದಿಲ್ಲ ಎಂದು ದವಾಖಾನೆಯಲ್ಲಿ ಹೇಳಿ ಕಳಿಸಿದ್ದರು. ಸ್ಟಿಯರಿಂಗನ್ನು ಅಪ್ಪ ಅಂಗೈಯಿಂದ ಒತ್ತಿ ತಿರುಗಿಸುತ್ತಿದ್ದ. ಗೇರು ಎಡಗೈಯದು. ಆಗದೇ ಹೋದದ್ದು ಡ್ಯಾಶ್‌ಬೋರ್ಡಿನ ಬಲಗಡೆ ಇದ್ದ ಲೈಟಿನ ಗುಂಡಿ. ಅದನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಎಳೆಯಬೇಕು.

"ಘಾಟಿನ್ಯಾಗ ಹೊತ್ತು ಮುಳುಗಿತು. ಗೇರ್ ಬಿಟ್ಟು ಎಡಗೈ ಚಾಚಿ ಎಳದೆ. ಅಷ್ಟರಾಗ ಗಾಡಿ ರಸ್ತೇದ ಬದಿ ಕಟ್ಟಿಗೆ ಒರಸಿತು," ಎಂದ ಅಪ್ಪ. "ಯಾರ ಮುಂದೂ ಅನಬ್ಯಾಡ."

"ಎಳಿಯೂದು ಬಿಟ್ಟು ಒತ್ತೂ ಹಂಗ ಮಾಡಿದ್ರ?"

"ನಿಂಗ ಬರತದೇನು?"

"ಮತ್ತ ಯಾಕ ಕಾಲೇಜಿಗೆ ಕಳಿಸಿದಿ?"

"ಕುರ್ಚಿ ಮ್ಯಾಲ ಕೂಡಲಿ ಅಂತ ಕಳಿಸೀನಿ. ಲಾರಿ ಕೆಳಗ ಮಲಗಾಕಲ್ಲ."

ಬೈದರೂ ಮರುದಿನ ಮಧ್ಯಾಹ್ನ ಧಾರಾವಿಯ ಬದಿಗೆ ಲಾರಿ ನಿಲ್ಲಿಸುವ ಬಯಲಿಗೆ ತಾನೇ ಕರೆದುಕೊಂಡು ಹೋದ.

ಮನೆಯ ದೀಪಕ್ಕೆ ಹಾಕುವ ಸಣ್ಣ ಸ್ವಿಚ್ಚು ಲಾರಿಯಲ್ಲಿ ತಾಳುವುದಿಲ್ಲ. ಬ್ಯಾಟರಿಯ ವೋಲ್ಟೇಜು ಕಡಿಮೆ, ಅಷ್ಟೇ ಬೆಳಕಿಗೆ ಕರೆಂಟು ಹಲವು ಪಟ್ಟು ಹೆಚ್ಚು ಹರಿಯುತ್ತದೆ. ಲೆಕ್ಕ ಹಾಕಿ, ಇಸ್ತ್ರಿಪೆಟ್ಟಿಗೆಗೆ ಹಾಕುವಂಥ ದಪ್ಪ ಸ್ವಿಚ್ಚು ತಂದಿದ್ದೆ. ಮೊದಲು ಬ್ಯಾಟರಿಯ ತಂತಿ ಬಿಚ್ಚಿದೆ. ಹಳೆಯ ಗುಂಡಿಯ ಹಿಂದಿನಿಂದ ಎರಡು ದಪ್ಪ ತಂತಿ ಎಳೆದು, ಡ್ಯಾಶ್‌ಬೋರ್ಡಿನ ಕೆಳಅಂಚಿನ ಮರೆಯಲ್ಲಿ ಹೊಸ ಸ್ವಿಚ್ಚು ಕೂಡಿಸಿದೆ. ಮುಷ್ಟಿಯಿಂದ ಕೆಳಕ್ಕೆ ಒತ್ತಿದರೆ ಲೈಟು ಹತ್ತಬೇಕು, ಮೇಲಕ್ಕೆ ತಳ್ಳಿದರೆ ಆರಬೇಕು. ಹಳೆಯ ಗುಂಡಿಯ ಸಂಪರ್ಕವನ್ನೂ ಕೀಳಲಿಲ್ಲ. ಯಾರಾದರೂ ಎಳೆದು ನೋಡಿದರೆ ಅದೂ ಕೆಲಸ ಮಾಡುತ್ತಿರಬೇಕು, ಅನುಮಾನ ಬರಬಾರದು.

ಬ್ಯಾಟರಿಯ ತಂತಿ ಮತ್ತೆ ಹಾಕಿದ ಮೇಲೆ ಅಪ್ಪ ಮುಷ್ಟಿಯಿಂದ ಒತ್ತಿದ. ಲೈಟು ಹತ್ತಿತು. ಆರಿಸಿದ, ಮತ್ತೆ ಹತ್ತಿಸಿದ. "ಬ್ಯಾಟರಿ ಖಾಲಿ ಆದೀತಪಾ," ಎಂದೆ. "ಆಗಲಿ ಬಿಡೋ," ಎಂದ.

ದಸರೆ ಬಂತು. ಆ ದಿನ ಲಾರಿಗಳನ್ನು ತೊಳೆದು, ಚೆಂಡುಹೂವು ಕಟ್ಟಿ ಪೂಜೆ ಮಾಡುತ್ತಾರೆ. ನಮ್ಮ ಮಾಲಕ ಬೆಳಗಾವಿ ಕಡೆಯವನು, ನನಗಿಂತ ಸ್ವಲ್ಪ ದೊಡ್ಡವನು. ಅವನ ತಂದೆಯ ಕಾಲದಿಂದ ಲಾರಿ ಹೊಡೆಯುತ್ತಿದ್ದ ಅಪ್ಪನನ್ನು ಕಾಕಾ ಎನ್ನುತ್ತಿದ್ದ. ಅವರ ಮನೆತನದ ಪದ್ಧತಿ, ಚಾಲಕನ ಕೈ ತಾಗುವ ಪ್ರತಿಯೊಂದಕ್ಕೂ ಮಾಲಕನೇ ಕುಂಕುಮ ಹಚ್ಚಬೇಕು. ಸ್ಟಿಯರಿಂಗಿಗೆ ಹಚ್ಚಿದ, ಗೇರಿಗೆ ಹಚ್ಚಿದ. ಲೈಟಿನ ಗುಂಡಿಗೂ ಹಚ್ಚಿ, ಅದರ ಕುತ್ತಿಗೆಗೆ ಒಂದು ಹೂವು ಸಿಗಿಸಿದ. ಆಮೇಲೆ ಕೆಳಗಿಳಿದು ತೆರೆದ ಬಾಗಿಲಲ್ಲಿ ನಿಂತ.

"ಕಾಕಾ, ಏರ್ರಿ. ಲೈಟ್ ಹಚ್ಚರಿ. ಕಾಯಿ ಒಡಿಯೂಣು."

ಅಪ್ಪ ಸೀಟಿಗೇರಿ ಕೈ ಕೆಳಗೆ ಮಾಡಿದ. ಹಗಲಿನಲ್ಲೂ ಗಾಜಿನ ಒಳಗೆ ಬೆಳಕು ಕಂಡಿತು. ಜನ ಕೈಮುಗಿದರು. ಮಾಲಕ ಮಾತ್ರ ಗುಂಡಿಯನ್ನೇ ನೋಡುತ್ತಿದ್ದ. ಹೂವು ಅಲ್ಲಾಡಿರಲಿಲ್ಲ. ಕುಂಕುಮ ಹಾಗೇ ಇತ್ತು.

"ಗುಂಡಿ ಎಳೀಲೇ ಇಲ್ಲ. ಲೈಟ್ ಹೆಂಗ ಹತ್ತಿತ್ರಿ ಕಾಕಾ?"

ಬಗ್ಗಿ ನೋಡಿದ. "ಇದೇನ್ರಿ, ಮನಿ ಸ್ವಿಚ್ಚು?"

"ಮಗ ಕೂಡಿಸ್ಯಾನ್ರಿ ಸಾವ್ಕಾರ್ರ. ಬಿ.ಎಸ್ಸಿ. ಆಗ್ಯಾನ," ಎಂದ ಅಪ್ಪ. ಆ ಹೊತ್ತಿನಲ್ಲೂ ಅವನ ದನಿಯಲ್ಲಿ ಹೆಮ್ಮೆ ಇತ್ತು.

"ಛಲೋ ಮಾಡ್ಯಾನ. ಆದ್ರ ಯಾಕ?"

ಅಪ್ಪ ಕೆಳಗಿಳಿದು ನಿಂತ. ಮಾಲಕ ಅಪ್ಪನ ಬಲಗೈಯನ್ನು ಒಮ್ಮೆ ನೋಡಿ ಜೇಬಿನಿಂದ ಬನ್ನಿ ಎಲೆ ತೆಗೆದ. ದಸರೆಯ ದಿನ ಅದನ್ನೇ ಬಂಗಾರವೆಂದು ಒಬ್ಬರಿಗೊಬ್ಬರು ಕೊಡುವುದು. ಬೆಳಗಿನಿಂದ ಎಲ್ಲರಿಂದಲೂ ಅಪ್ಪ ಎರಡೂ ಅಂಗೈ ಒಡ್ಡಿ ತೆಗೆದುಕೊಂಡಿದ್ದ. ನೋಡಿದವರು ಭಕ್ತಿ ಅಂದುಕೊಂಡಿದ್ದರು. ಈಗಲೂ ಹಾಗೇ ಒಡ್ಡಿದ. ಮಾಲಕ ಎಲೆಯನ್ನು ಅಂಗೈಗೆ ಹಾಕಲಿಲ್ಲ, ತುದಿ ಹಿಡಿದು ಚಾಚಿದ.

"ಬೆರಳಾಗ ಹಿಡೀರಿ. ಬಲಗೈಲೆ."

ಎಲೆ ಕೆಸರಿಗೆ ಬಿತ್ತು. ಅದನ್ನು ಎತ್ತಿದವನೂ ಮಾಲಕನೇ. ಒರೆಸಿ ಅಪ್ಪನ ಅಂಗಿಯ ಜೇಬಿಗೆ ಹಾಕಿ, "ಹಬ್ಬದ ದಿನ ನಾ ಏನೂ ಅನ್ನೂದಿಲ್ಲ ಕಾಕಾ. ನಾಳೆ ಬರ್ರಿ," ಎಂದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ಎಷ್ಟು ಯತ್ನಿಸಿದರೂ ನನಗೆ ಆಗಲಿಲ್ಲ. ಅಂಥ ಕೈಯಲ್ಲಿ ಘಾಟು ಇಳಿಯುವ ಲಾರಿಯನ್ನು ನಾನಾದರೂ ಕೊಡುತ್ತಿರಲಿಲ್ಲ.

ಮರುದಿನ ಕೀಲಿ ಕೊಟ್ಟೆವು. ಕೆಳಗಿನ ಸ್ವಿಚ್ಚು ಮೊಳಕಾಲಿಗೆ ತಾಗುತ್ತದೆ, ಬಿಚ್ಚಿಕೊಡು ಎಂದ ಹೊಸ ಡ್ರೈವರ. ಬಿಚ್ಚಿದೆ. ತಂತಿ ಸುತ್ತಿ ಸ್ವಿಚ್ಚನ್ನು ಚೀಲಕ್ಕೆ ಹಾಕಿಕೊಂಡೆ. ತಗಡಿನಲ್ಲಿ ಸ್ಕ್ರೂ ತೂತುಗಳು ಉಳಿದವು.

"ಲೈಟ್ ನೋಡೂಣು," ಎಂದು ಮಾಲಕ ಕೂಗಿದ. ಹೊಸಬ ಕೆಳಗೆ ನಿಂತ ಕ್ಲೀನರನ ಜೊತೆ ಏನೋ ಹೇಳಿ ನಗುತ್ತಿದ್ದ. ನಗುತ್ತಲೇ, ಗುಂಡಿಯ ಕಡೆ ನೋಡದೆ, ಎರಡು ಬೆರಳಲ್ಲಿ ಗುಂಡಿ ಎಳೆದ. ನಾವೆಲ್ಲ ಮುಂದೆ ಹೋಗಿ ದೀಪ ನೋಡಿದೆವು. ಅಪ್ಪ ಬರಲಿಲ್ಲ. ಬಾಗಿಲ ಹತ್ತಿರವೇ ನಿಂತು ಆ ಬೆರಳುಗಳನ್ನು ನೋಡುತ್ತಿದ್ದ.