ಬ್ಲೌಸಿನ ಪುಟದಲ್ಲಿ ನನ್ನ ತಪ್ಪುಗಳು

"ಅಣ್ಣಾ, ಬ್ಲೌಸ್ ಅಳತೆ ನೋಡಾನ ಅಂತ ವೆಬ್‌ಸೈಟ್ ತೆಗುದ್ರೆ, ಉದ್ದುಕ್ಕೂ ನಿಮ್ ತಪ್ಪುಗಳೇ ಬತ್ತಾ ಅವಲ್ಲಣ್ಣಾ!" ಮಲ್ಲಿಪಟ್ಟಣದಿಂದ ಫೋನ್ ಮಾಡಿದ್ದ ಟೈಲರ್ ಪದ್ಮಮ್ಮನಿಗೆ ನಗು ತಡೆಯಲಾಗುತ್ತಿರಲಿಲ್ಲ.

ಅದು ನನ್ನ ಹೆಂಡತಿ ಹೊಲಿಗೆ ಮಾಡುವ ಹೆಣ್ಣುಮಕ್ಕಳಿಗಾಗಿ ನಡೆಸುತ್ತಿದ್ದ ಚರ್ಚಾ ಜಾಲತಾಣ. ಅವಳು ತೀರಿಕೊಂಡ ಮೇಲೆ ನಾನು ಅದರ ಸೆಟ್ಟಿಂಗುಗಳಿಗೆ ಕೈ ಹಾಕಿದೆ. ತಾಣ ಬರೀ ಬಿಳಿ ಪುಟವಾಗಿ ನಿಂತುಬಿಟ್ಟಿತು. ಹೊಲಿಗೆಯ ಪ್ರಶ್ನೆಗಳಿಗೆ ಅವಳು ಬರೆದ ಉತ್ತರಗಳೆಲ್ಲ ಅದರೊಳಗೇ ಇದ್ದವು. ಕಾರಣ ತಿಳಿಯಲು, ಎಲ್ಲಿ ಏನು ಕೆಟ್ಟಿದೆ ಎಂದು ತಾಣವೇ ತಪ್ಪುಗಳನ್ನು ಸಾಲಾಗಿ ದಾಖಲಿಸುವ ವ್ಯವಸ್ಥೆಯನ್ನು ಆನ್ ಮಾಡಿದೆ. ಅವು ನನಗಷ್ಟೇ ಕಾಣುವ ಫೈಲಿಗೆ ಹೋಗಬೇಕಿತ್ತು. ನಾನು ಮಹಾಶಯ 'ಪುಟದಲ್ಲೇ ತೋರಿಸು' ಎಂಬುದನ್ನು ಒತ್ತಿದ್ದೆ. ಹಾಸನದಲ್ಲಿ ಕೂತು ನಾನು ಮಾಡಿದ ಎಡವಟ್ಟುಗಳನ್ನು ಹೊಳೆನರಸೀಪುರ, ಅರಕಲಗೂಡಿನ ಟೈಲರುಗಳೆಲ್ಲ ಸಾಲುಸಾಲಾಗಿ ಓದುತ್ತಿದ್ದರು.

"ಈಗ್ಲೇ ತೆಗೀತೀನಿ ಕಣಮ್ಮಾ" ಎಂದೆ.

ಪದ್ಮಮ್ಮ ನಗು ನಿಲ್ಲಿಸಿದರು. "ನಿಧಾನುಕ್ ಮಾಡಣ್ಣಾ. ಬೆಳ್ಳಗೆ ನಿಂತೋಗಿತ್ತಲ್ಲ, ಅಕ್ಕನ್ ಜೊತೆಗೇ ಇದೂ ಓಯ್ತು ಅನ್ಕಂಡಿದ್ವಿ. ಇವತ್ತು ಈ ತಪ್ಪು ನೋಡ್ಬುಟ್ಟು, ಒಳಗೆ ಅಣ್ಣ ಅವ್ರೆ ಕಣ್ರೇ ಅಂತ ಎಲ್ರಿಗೂ ಯೋಳ್ದೆ."

ತಾಣ ಕೆಟ್ಟ ಕಾರಣ ಆ ಸಾಲುಗಳಲ್ಲೇ ಸಿಕ್ಕಿತು. ತಾಣ ಈಗ ನಡೆಯುತ್ತಿದೆ. ಮೊನ್ನೆ ಒಬ್ಬರು ತೋಳು ಬಿಗಿಯಾಗುತ್ತದೆ ಎಂದು ಕೇಳಿದ್ದರು. ನನ್ನ ಹೆಂಡತಿಯ ಹಳೆಯ ಉತ್ತರವನ್ನು ಹುಡುಕಿ ತೋರಿಸಿದೆ. ಗುಂಡಿ ಹೊಲಿಯಲೂ ಬಾರದ ನನಗೆ "ಥ್ಯಾಂಕ್ಸ್ ಅಣ್ಣಾ" ಬಂತು. ನನ್ನ ಎಡವಟ್ಟುಗಳೇನೂ ನಿಂತಿಲ್ಲ. ಅವು ಈಗ ಫೈಲಿಗೆ ಹೋಗುತ್ತವೆ; ನಾನೊಬ್ಬನೇ ಕೂತು ಓದುತ್ತೇನೆ.